ಅಭಿಮನ್ಯುವಿನ ಕಿರೀಟ

ಸಿರುಗುಪ್ಪದಲ್ಲಿರುವ ನಮ್ಮ ಅಣ್ಣನವರ ಮಗನಿಗೆ ಕಳೆದ ವರ್ಷ ಶಾಲೆಯ ಬಯಲಾಟದಲ್ಲಿ ಅಭಿಮನ್ಯುವಿನ ಪಾತ್ರ ದೊರೆಯಿತು. ನಟ ರಾಘವರ (1880–1946) ಊರಾದ ನಮ್ಮ ಬಳ್ಳಾರಿಯಲ್ಲಿ ವೇಷದ ಸಾಮಾನಿಗೆ ಬಡತನವಿಲ್ಲವೆನ್ನಿ. ಆದರೆ ದೊಡ್ಡಾಟದ ಮರದ ಕಿರೀಟ ಬಾಲಕನ ತಲೆಗೆ ಭಾರ. ಆದುದರಿಂದ ಗಣಕಯಂತ್ರದಲ್ಲಿ ಅಚ್ಚು ಹಾಕಿಸಿದ ನಕ್ಷೆಗಳನ್ನು ತಂದು, ರಟ್ಟಿಗೆ ಅಂಟಿಸಿ, ಕತ್ತರಿಸಿ ಜೋಡಿಸಿದೆವು. ಅಂದವಾದ ಕಿರೀಟ! ಆದರೆ ಹುಡುಗನ ನೆತ್ತಿಯಿಂದ ಕೆಳಗಿಳಿಯಲೊಲ್ಲದು. ಅವನ ಕಣ್ಣಲ್ಲಿ ನೀರು. ಆಟಕ್ಕೆ ಉಳಿದಿದ್ದುದು 3 ದಿನ.

ಕುರುಗೋಡಿನಿಂದ ಬಂದಿದ್ದ ಸೋದರಮಾವನವರು ಯೌವನದಲ್ಲಿ ವೇಷ ಕಟ್ಟಿದವರು. "ದಾರ ಹಾಕಿ ತಲಿ ಅಳದೀರೇನಪ್ಪಾ?" ಎಂದರು. ನಾವು ಅಳೆದಿರಲಿಲ್ಲ. ಹುಬ್ಬಿನ ಮೇಲಿನಿಂದ ಸುತ್ತಿದ ದಾರ 52 ಸೆಂ.ಮೀ. ಬಂದಿತು, ಒಳಗಿನ ಬಟ್ಟೆಗೆಂದು ಮಾವನವರು 2 ಸೇರಿಸಿದರು. ನಮ್ಮ ಕಿರೀಟದ ಸುತ್ತಳತೆ 50! ಹಾಳೆಗೆ ಹೊಂದಿಸಲು ಅಂಗಡಿಯ ಯಂತ್ರವು ನಕ್ಷೆಯನ್ನೇ ಕುಗ್ಗಿಸಿತ್ತು. ನೂರಕ್ಕೆ 108ರಂತೆ ಹಿಗ್ಗಿಸಿ ಮತ್ತೆ ಅಚ್ಚು ಹಾಕಿಸಿದೆವು. ಚುಕ್ಕೆಗೆರೆಗಳ ಮೇಲೆ ಮಸಿ ಮುಗಿದ ಪೆನ್ನಿನಿಂದ ಗೀರಿ ಮಡಿಸಿದಾಗ ಅಂಚುಗಳು ನೆಟ್ಟಗೆ ನಿಂತವು. ಹುಣಸೆಬೀಜದ ಅಂಟಿನಿಂದ ಹಳೆಯ ಪತ್ರಿಕೆಯ ಚೂರುಗಳನ್ನು ಮೂರು ಪದರ ಹಚ್ಚಿ, ನೆರಳಿನಲ್ಲಿ ಒಣಗಿಸಿ, ಮೇಲೆ ಬೇಗಡೆ ಮೆತ್ತಿದೆವು.

ಚಕ್ರವ್ಯೂಹದಲ್ಲಿ ಅಭಿಮನ್ಯು ಬಿದ್ದಾಗಲೂ ಕಿರೀಟ ಜಾರಲಿಲ್ಲ. ಆಟ ಮುಗಿದ ಮೇಲೆ ಮಾವನವರು ಅದನ್ನು ತಮ್ಮ ತಲೆಗಿಟ್ಟು ನೋಡಿದರು. ಅವರಿಗದು ಚಿಕ್ಕದಾಯಿತು.