ಎರಡು ಸಾವಿರ ರೂಪಾಯಿಯ ಚೀನಿಕಾಯಿ

ನಮ್ಮ ಮನೆಯಲ್ಲಿ ಬೈಬಲ್ಲೂ ಹಾಲಿನ ಲೆಕ್ಕದ ಪುಸ್ತಕವೂ ಒಂದೇ ಗೂಡಿನಲ್ಲಿದ್ದವು. ಪಕ್ಕದಲ್ಲಿ ಸಂಗೀತ ಪುಸ್ತಕ, ಅಂಗಡಿ ಚೀಟಿಗಳನ್ನು ಚುಚ್ಚಿಟ್ಟ ತಂತಿ, ಅಜ್ಜಿಯ ಕನ್ನಡಕ. ರಾತ್ರಿ ಊಟಕ್ಕೆ ಮೊದಲು ಕುಟುಂಬ ಪ್ರಾರ್ಥನೆ. ಲೋಕದ ರೋಗಿಗಳನ್ನೂ ದಾರಿ ತಪ್ಪಿದವರನ್ನೂ ಮಳೆ ಕಾಣದ ಸೀಮೆಗಳನ್ನೂ ದೇವರ ಕೈಗೊಪ್ಪಿಸಿದ ಅಜ್ಜಿ, ಆಮೆನ್ ಅಂದ ಉಸಿರಿನಲ್ಲೇ "ಇವತ್ತು ಹಾಲು ಎಷ್ಟು ಕುಡ್ತೆ ಬಂತು?" ಎಂದು ಕೇಳುತ್ತಿದ್ದರು. ಮಕ್ಕಳಾದ ನಮಗೆ ನಗು. ಅವರಿಗೆ ಮಾತ್ರ ಅದು ಪ್ರಾರ್ಥನೆಯ ಮುಂದುವರಿಕೆ. ದೇವರ ಹತ್ತಿರ ಬಾಕಿ ಇಟ್ಟುಕೊಳ್ಳಬಾರದು, ಹಾಲಿನವಳ ಹತ್ತಿರವೂ ಇಟ್ಟುಕೊಳ್ಳಬಾರದು.

ಮುಂದೆ ನಾನು ಲೆಕ್ಕಪತ್ರ ನೋಡುವ ಕಸುಬಿಗೇ ಬಿದ್ದೆ. ಸಹಕಾರಿ ಸಂಘಗಳ, ಗೇರುಬೀಜದ ಕಾರ್ಖಾನೆಗಳ ಜಮಾಖರ್ಚು ತಾಳೆ ಹಾಕುವುದು ನನ್ನ ಹೊಟ್ಟೆಪಾಡು. ಮಂಗಳೂರು ಸೀಮೆಯ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯವನಾದ್ದರಿಂದ ಸಭೆಯ ಲೆಕ್ಕವೂ ಸಂಬಳವಿಲ್ಲದೆ ನನ್ನ ತಲೆಗೇ ಬಂದಿದೆ. ಹಾಗಾಗಿ ಕ್ರೈಸ್ತ ಜೀವನ ಎಂದರೇನು ಎಂದು ಯಾರಾದರೂ ಕೇಳಿದರೆ ಪಾದ್ರಿಗಳು ಹೇಳುವಷ್ಟು ಚೆಂದ ಮಾಡಿ ಹೇಳಲಾರೆ. ಬೇಕಾದರೆ ಅದರ ರಸೀದಿ ಪುಸ್ತಕ ತೋರಿಸಬಲ್ಲೆ.

ಆ ಪುಸ್ತಕದಲ್ಲಿ ಬಹಳ ಹಳೆಯ ಬಾಬ್ತು ಹಿಡಿ ಅಕ್ಕಿ. ಅನ್ನಕ್ಕೆ ಅಕ್ಕಿ ಅಳೆದಾಗಲೆಲ್ಲ ಒಂದು ಹಿಡಿ ತೆಗೆದು ಬೇರೆ ಡಬ್ಬಿಗೆ ಹಾಕುವುದು, ತಿಂಗಳಿಗೊಮ್ಮೆ ಸ್ತ್ರೀಯರ ಕೂಟದವರು ಬಂದು ಅದನ್ನು ಒಯ್ಯುವುದು. ನಮ್ಮದು ಹಳೇ ಬಿಸ್ಕತ್ತಿನ ಡಬ್ಬಿ, ಮುಚ್ಚಳದಲ್ಲಿ ಇಂಗ್ಲೆಂಡಿನ ಯಾವುದೋ ಕುದುರೆ ಸವಾರ. ಹೊಸದಾಗಿ ಬಂದ ನನ್ನ ಚಿಕ್ಕಮ್ಮ ಒಂದು ದಿನ ಗೋಣಿಯಿಂದಲೇ ನೇರ ಒಂದು ಹಿಡಿ ತೆಗೆದು ಡಬ್ಬಿಗೆ ಸುರಿದಳು. ಅಜ್ಜಿ ತಡೆದರು. "ಅಳೆದ ಮೇಲೆ ತೆಗೀಬೇಕು ಮಗಾ, ಅಳೆಯುವ ಮೊದಲಲ್ಲ. ಗೋಣಿಯಿಂದ ಕೊಟ್ಟದ್ದು ಗೋಣಿಗೆ ಮಾತ್ರ ಗೊತ್ತಾಗ್ತದೆ." ಆರು ಜನಕ್ಕೆಂದು ಅಳೆದ ಪಾತ್ರೆಯಿಂದ ತೆಗೆದರೆ ಆರೂ ಜನರ ಬಟ್ಟಲಲ್ಲಿ ಒಂದೊಂದು ತುತ್ತು ಕಡಿಮೆಯಾಗುತ್ತದೆ. ದಾನ ಅನ್ನುವ ವಿಷಯದ ಮೇಲೆ ನಾನು ಅನೇಕ ಪ್ರಸಂಗ ಕೇಳಿದ್ದೇನೆ. ಕೆಲವನ್ನು ನಿದ್ದೆಯಲ್ಲಿ ಕೇಳಿದ್ದೇನೆ. ಈ ಸೂಕ್ಷ್ಮವನ್ನು ಅಷ್ಟು ಚಿಕ್ಕದಾಗಿ ಹೇಳಿದವರು ಇಲ್ಲ.

ಈ ಪದ್ಧತಿ ನಮ್ಮದಷ್ಟೇ ಅಲ್ಲ. ಮಿಜೋರಾಮಿನ ಸಭೆಗಳಲ್ಲಿ ಹಿಡಿ ಅಕ್ಕಿ 1910ರ ಸುಮಾರಿನಿಂದ ನಡೆದುಬಂದಿದೆ, ಅಲ್ಲಿ ಅದು ಸಭೆಯ ಆದಾಯದ ದೊಡ್ಡ ಪಾಲು. ಆದರೆ ನಮ್ಮ ಕಡೆಯ ಅಕ್ಕಿ ಡಬ್ಬಿಗೆ ಇನ್ನೂ ದೂರದ ಒಬ್ಬ ನೆಂಟನಿದ್ದಾನೆ. ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದಲ್ಲಿ 1815ರಲ್ಲಿ ಹುಟ್ಟಿದ ಬಾಸೆಲ್ ಮಿಶನ್ನು 1834ರಲ್ಲಿ ಮಂಗಳೂರಿಗೆ ಜನರನ್ನು ಕಳಿಸಿತು. ಕಳಿಸಿದ್ದೇನೋ ಸರಿ, ಅವರ ಊಟ, ಹಡಗಿನ ಟಿಕೇಟು, ಶಾಲೆ, ಅಚ್ಚುಮೊಳೆ ಇವಕ್ಕೆಲ್ಲ ದುಡ್ಡು? ಸಿರಿವಂತರು ಒಂದಿಷ್ಟು ಕೊಟ್ಟರು. ಸಾಲದೆ ಬಂದಾಗ, 1855ರಲ್ಲಿ ಕಾರ್ಲ್ ಸರಾಸಿನ್ ಎಂಬ ಬಾಸೆಲಿನ ವ್ಯಾಪಾರಿ ಒಂದು ಉಪಾಯ ಹೂಡಿದ. ಬಡವರು ವಾರಕ್ಕೆ ಅರ್ಧ ಬಾಟ್ಸೆನ್, ಅಂದರೆ ಐದು ಸಾಂಟೀಮಿನಷ್ಟು ಚಿಲ್ಲರೆ ಕೊಡುವುದು. ಒಬ್ಬೊಬ್ಬ ಸಂಗ್ರಾಹಕ ತನ್ನ ಪಾಲಿನ ಮನೆಗಳಿಗೆ ಹೋಗಿ ಅದನ್ನು ಕೂಡಿಸುವುದು. ಬ್ಲಾಕ್ ಫಾರೆಸ್ಟಿನ ಮನೆಗೆಲಸದ ಹುಡುಗಿಯೊಬ್ಬಳ ಚಿಲ್ಲರೆ ಹೀಗೆ ಕೈಯಿಂದ ಕೈಗೆ ಹೋಗಿ ಮಂಗಳೂರಿನ ಬಲ್ಮಠದ ಗುಡ್ಡ ಹತ್ತಿರಬೇಕು. ನನ್ನ ಮುತ್ತಜ್ಜ ಓದಲು ಕಲಿತ ಸ್ಲೇಟಿನಲ್ಲಿ ಅವಳ ಒಂದು ಚೂರು ಇದ್ದಿರಬಹುದು.

ಇಲ್ಲಿಗೆ ಬಂದ ಮಿಶನರಿಗಳೂ ಅದೇ ನೀರು ಕುಡಿದವರು. ಹೆಚ್ಚಿನವರು ದಕ್ಷಿಣ ಜರ್ಮನಿಯ ವ್ಯೂರ್ಟೆಂಬರ್ಗ್ ಕಡೆಯ ಕಸುಬುದಾರರ, ರೈತರ, ಹಳ್ಳಿ ಪಾದ್ರಿಗಳ ಮಕ್ಕಳು. ಅವರ ಭಕ್ತಿಯಲ್ಲಿ ಸೋಮಾರಿತನಕ್ಕೆ ಜಾಗವೇ ಇಲ್ಲ. ಫರ್ಡಿನಾಂಡ್ ಕಿಟೆಲ್ ಪದಗಳನ್ನು ಕೂಡಿಸುತ್ತ ಕೂಡಿಸುತ್ತ 1894ರಲ್ಲಿ ನಮಗೊಂದು ನಿಘಂಟು ಕೊಟ್ಟರು. ಮುದ್ರಣಾಲಯದ ಕೆಲಸಕ್ಕೆ ಬಂದ ಜಾರ್ಜ್ ಪ್ಲೆಬ್ಸ್ಟ್ ಎಂಬವರು ನೇತ್ರಾವತಿ ದಂಡೆಯ ಜೇಡಿಮಣ್ಣು ನೋಡಿ, 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ಅವರನ್ನು ಅದಕ್ಕೆ ದೂಡಿದ್ದು ವ್ಯಾಪಾರದ ಹಸಿವೊಂದೇ ಅಲ್ಲ. ಹೊಸದಾಗಿ ದೀಕ್ಷಾಸ್ನಾನ ಪಡೆದವರಿಗೆ ಮನೆಯೂ ಹೋಗಿತ್ತು, ಕಸುಬೂ ಹೋಗಿತ್ತು. ಕಳ್ಳು ಇಳಿಸುತ್ತಿದ್ದವರಿಗೆ ಆ ಕೆಲಸ ಇನ್ನು ಕೂಡದೆಂದರು, ಹಾಗಾದರೆ ತಿನ್ನುವುದೇನು? ಬೇಸಾಯ ಮಾಡಿಸಿ ನೋಡಿದರು, ಗಡಿಯಾರದ ಕೆಲಸ ಕಲಿಸಿ ನೋಡಿದರು. ಕೈ ಹಿಡಿದದ್ದು ಮಗ್ಗ ಮತ್ತು ಮಣ್ಣು. ಪ್ರಾರ್ಥನೆಯಿಂದ ಶುರುವಾಗುವ ಪಾಳಿ, ಗಂಟೆ ಹೊಡೆದರೆ ಊಟ, ಗಂಟೆ ಹೊಡೆದರೆ ಮನೆ. ಮೊದಲ ಮಹಾಯುದ್ಧದಲ್ಲಿ ಜರ್ಮನರನ್ನು ಬ್ರಿಟಿಷರು ಹಿಡಿದಿಟ್ಟರು, ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾದವು, 1947ರಲ್ಲಿ ನಮ್ಮ ಸಭೆಗಳು ಸಿ.ಎಸ್.ಐ.ಗೆ ಸೇರಿದವು. ಗಂಟೆಯ ಅಭ್ಯಾಸ ಮಾತ್ರ ಹೋಗಲಿಲ್ಲ. ಹಂಚಿನ ಗೂಡು ತುಂಬುವ ಕೆಲಸದಲ್ಲಿದ್ದ ನನ್ನ ಅಜ್ಜ ನಿವೃತ್ತನಾದ ಮೇಲೂ ಹನ್ನೆರಡು ಗಂಟೆಗೆ ಬಟ್ಟಲ ಮುಂದೆ ಕೂತಿರುತ್ತಿದ್ದ, ಅನ್ನ ಬೆಂದಿರಲಿ ಬೇಯದಿರಲಿ.

ಈ ಲೆಕ್ಕದ ಭಕ್ತಿಗೆ ಒಣಕಲು ಮುಖವೊಂದಿದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಹಂಚು ಎಷ್ಟು ಸುಟ್ಟೆವು ಎಂದು ಎಣಿಸಿದ ಕೈಯೇ ದೀಕ್ಷಾಸ್ನಾನ ಎಷ್ಟು ಎಂದೂ ಎಣಿಸಿ ವರದಿಗೆ ಪಟ್ಟಿ ಮಾಡಿ ಕಳಿಸಿತು. ಕೂಲಿ ಕೊಡುವ ಧಣಿ, ಉಪದೇಶ ಹೇಳುವ ಅಯ್ಯ ಇಬ್ಬರೂ ಒಂದೇ ಬಾಗಿಲಿನಿಂದ ಬರುವಾಗ ಕೆಲಸದಾಳಿನ ಭಕ್ತಿಯಲ್ಲಿ ಹಸಿವಿನ ಪಾಲೆಷ್ಟು ಎಂದು ತೂಗಲು ತಕ್ಕಡಿ ಇಲ್ಲ. ಆ ಶಿಸ್ತು ನಮ್ಮ ಮನೆಗಳಿಗೆ ಬರುವಾಗ ಬಿಗಿಯನ್ನೂ ಹೊತ್ತು ತಂದಿತು. ನಮ್ಮವರು ಸಾಲ ಮಾಡರು, ಹಾಗೆಯೇ ಸುಲಭಕ್ಕೆ ಸಾಲ ಕೊಡರು. ನೆಂಟರು ಹೊರಟು ನಿಂತಾಗ ಬಾಗಿಲಲ್ಲೇ ಬಸ್ಸಿನ ಹೊತ್ತು ಹೇಳುತ್ತಾರೆ.

ಬಹುಶಃ ಇದಕ್ಕೇ ಇರಬೇಕು, ವರ್ಷಕ್ಕೊಂದು ಭಾನುವಾರ ಈ ಜನ ಲೆಕ್ಕವನ್ನು ಬೇಕೆಂದೇ ತಪ್ಪಿಸಿ ಕೂರುತ್ತಾರೆ. ಆ ದಿನ ಬೆಳೆ ಹಬ್ಬ.

ಪೈರಿನ ಮೊದಲ ಫಲವನ್ನು ಬುಟ್ಟಿಯಲ್ಲಿಟ್ಟು ದೇವರ ಮುಂದೆ ತರಬೇಕು ಎಂಬ ಮಾತು ಧರ್ಮೋಪದೇಶಕಾಂಡದಲ್ಲಿದೆ. ಹೊಲದ ಅಂಚಿನವರೆಗೂ ಕೊಯ್ಯಬೇಡಿ, ಅದು ಬಡವರಿಗೂ ಪರದೇಶಿಗಳಿಗೂ ಇರಲಿ ಎನ್ನುವುದು ಯಾಜಕಕಾಂಡದ ಮಾತು. ಜರ್ಮನಿಯ ಊರುಗಳಲ್ಲಿ ಅಕ್ಟೋಬರ್ ಹೊತ್ತಿಗೆ ಸುಗ್ಗಿಯ ಕೃತಜ್ಞತೆ ಹಳೆಯ ಪದ್ಧತಿ. ಇಂಗ್ಲೆಂಡಿನಲ್ಲಿ ಕಾರ್ನ್‌ವಾಲ್ ತೀರದ ಮೋರ್ವೆನ್‌ಸ್ಟೋ ಎಂಬ ಹಳ್ಳಿಯ ಪಾದ್ರಿ ರಾಬರ್ಟ್ ಹಾಕರ್ 1843ರಲ್ಲಿ ಚರ್ಚಿನೊಳಗೆ ಸುಗ್ಗಿ ಆರಾಧನೆ ಮಾಡಿ ಅದಕ್ಕೆ ಮತ್ತೆ ಜೀವ ಕೊಟ್ಟ. ಅದೇ ವರ್ಷ ಹೆರ್ಮನ್ ಮೋಗ್ಲಿಂಗ್ ಮಂಗಳೂರಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ತೆಗೆದರು. ಒಂದಕ್ಕೊಂದು ಸಂಬಂಧವಿಲ್ಲ, ಇಸವಿ ತಾಳೆಯಾದರೆ ನನ್ನ ಕಸುಬಿನವರಿಗೆ ಒಂದು ಖುಷಿ ಅಷ್ಟೆ. ನಮ್ಮಲ್ಲಿ ಹಬ್ಬ ಬರುವುದು ಏಣೆಲು ಕೊಯ್ಲಿನ ಹೊತ್ತಿಗೆ, ಮಳೆ ಹಿಂದೆ ಸರಿದ ಮೇಲೆ.

ಆ ಬೆಳಿಗ್ಗೆ ನಮ್ಮ ದೇವಾಲಯದೊಳಗೆ ಸಂತೆ ನುಗ್ಗಿರುತ್ತದೆ. ಕಂಬಗಳಿಗೆ ಬಾಳೆಗೊನೆ, ಕಬ್ಬು, ಹಿಂಗಾರ. ವೇದಿಯ ಮುಂದೆ ತೆನೆ, ಬಾಳೆನಾರಿನಲ್ಲಿ ಕಟ್ಟಿದ ಸೌತೆಕಾಯಿ, ಬಸಳೆ ಕಟ್ಟು, ತೊಂಡೆಕಾಯಿ, ಕೆಸುವಿನ ಗೆಡ್ಡೆ, ತೆಂಗಿನಕಾಯಿ, ಊರ ಕೋಳಿಯ ಮೊಟ್ಟೆ, ಸಜ್ಜಿಗೆ ಲಡ್ಡು, ಮತ್ತು ಕಾಲು ಕಟ್ಟಿಸಿಕೊಂಡು ಪ್ರಸಂಗದ ನಡುವೆ ತನ್ನ ಅಭಿಪ್ರಾಯ ತಿಳಿಸುವ ಒಂದು ಹುಂಜ. ಗದ್ದೆಗಳು ಲೇಔಟುಗಳಾದ ಮೇಲೆ ಇನ್ನೂ ಒಂದು ಸೋಜಿಗ ಶುರುವಾಗಿದೆ. ಶನಿವಾರ ಸಂಜೆ ಮಾರ್ಕೆಟಿನಲ್ಲಿ ಚೌಕಾಸಿ ಮಾಡಿ ಹೂಕೋಸು ತಂದವರು ಭಾನುವಾರ ಅದನ್ನೇ ಸ್ವಂತ ಬೆಳೆಯೆಂಬ ಗಾಂಭೀರ್ಯದಿಂದ ಎತ್ತಿಕೊಂಡು ನಡೆಯುತ್ತಾರೆ. ಕಾಶ್ಮೀರದ ಸೇಬು, ಪ್ಲಾಸ್ಟಿಕ್ ಸುತ್ತಿದ ಬ್ರೆಡ್ಡು ಕೂಡ ಬರುತ್ತವೆ. ಹಿಂದೆ ನಾನು ಇದನ್ನು ನೋಡಿ ನಗುತ್ತಿದ್ದೆ, ಈಗಲೂ ಸ್ವಲ್ಪ ನಗುತ್ತೇನೆ. ಆದರೆ ಫ್ಲ್ಯಾಟಿನ ಮೂರನೇ ಮಹಡಿಯಲ್ಲಿರುವ ದಾದಿಯೊಬ್ಬಳ ಬೆಳೆ ಅವಳ ಸಂಬಳ ತಾನೇ? ರಾತ್ರಿ ಪಾಳಿಯಲ್ಲಿ ಬೆಳೆದದ್ದನ್ನು ಅವಳು ಯಾವ ರೂಪದಲ್ಲಿ ತಂದರೂ ಅದು ಪ್ರಥಮ ಫಲವೇ.

ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಏಲಂ. ಕೂಗುವವರು ನನ್ನ ದೂರದ ಮಾವ, ಬ್ಯಾಂಕಿನಿಂದ ನಿವೃತ್ತರು. ನಲವತ್ತು ರೂಪಾಯಿಯ ಚೀನಿಕಾಯಿ ಎತ್ತಿಕೊಂಡು "ಇದರ ಬಣ್ಣ ನೋಡಿ ಮಾರಾಯ್ರೆ, ಇದನ್ನು ಕೊಯ್ಯಲಿಕ್ಕೆ ಮನಸ್ಸು ಬರ್ತದಾ!" ಎಂದು ಶುರು ಮಾಡಿದರೆ ಐವತ್ತು, ನೂರು, ಐನೂರು ದಾಟಿ ಎರಡು ಸಾವಿರಕ್ಕೆ ಹೋಗಿ ನಿಲ್ಲುತ್ತದೆ. ಪಡೆದವನು "ಸಭೆಗೇ ವಾಪಸ್ಸು" ಅನ್ನುತ್ತಾನೆ, ಅದೇ ಕಾಯಿಯ ಏಲಂ ಮತ್ತೆ ಮೊದಲಿನಿಂದ. ಸಂತೆಯಲ್ಲಿ ಕೊಳ್ಳುವವನು ಬೆಲೆ ಇಳಿಸಬೇಕು, ಅದು ಸಂತೆಯ ಧರ್ಮ. ಇಲ್ಲಿ ಕೊಳ್ಳುವವನೇ ತನ್ನ ಕಿಸೆಗೆ ತಾನೇ ಕತ್ತರಿ ಹಾಕಿಕೊಳ್ಳುತ್ತ ಹಲ್ಲು ಬಿಡುತ್ತಾನೆ. ಎದುರಿನ ರಸ್ತೆಯ ಬ್ಯಾರಿ ಸಾಹುಕಾರರು ಪ್ರತಿ ವರ್ಷ ಬಂದು ಹುಂಜದ ಮೇಲೆ ಕಣ್ಣಿಡುತ್ತಾರೆ. ಅವರಿಗೆ ಬಿಟ್ಟುಕೊಡಬಾರದೆಂದು ನಮ್ಮ ಹಿರಿಯರಲ್ಲಿ ಒಬ್ಬರು ಹಟ ಹಿಡಿಯುತ್ತಾರೆ, ಹುಂಜ ಇಬ್ಬರನ್ನೂ ನೋಡುತ್ತದೆ.

ದೊಡ್ಡಸ್ತಿಕೆ ಇಲ್ಲವೇ ಇದರಲ್ಲಿ? ಧಾರಾಳ ಇದೆ. ಹೆಸರು ಮೈಕಿನಲ್ಲಿ ಕೇಳಲಿ ಎಂದೇ ಕೂಗುವವರಿದ್ದಾರೆ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದೆಂಬ ಬೋಧನೆಗೆ ಮೈಕಿಗಿಂತ ದೊಡ್ಡ ವೈರಿ ಬೇಡ. ಈ ಬಗ್ಗೆ ಮಾವನನ್ನು ಕೆಣಕಿದಾಗ ಅವರು, "ಅವನ ಜಂಬದಿಂದ ಬಂದ ದುಡ್ಡಲ್ಲಿ ಮೊನ್ನೆ ಒಬ್ಬರ ಡಯಾಲಿಸಿಸ್ ಆಯ್ತು. ಜಂಬ ಅವನಿಗೆ, ರಸೀದಿ ನಮಗೆ" ಎಂದು ಕೈ ಕೊಡವಿದರು. ಲೆಕ್ಕದವನಾಗಿ ಇದನ್ನು ತಳ್ಳಿಹಾಕಲಾರೆ.

ಆದರೆ ಮಾವನ ನಿಜವಾದ ಕಸುಬುದಾರಿಕೆ ಇರುವುದು ಬೆಲೆ ಏರಿಸುವುದರಲ್ಲಲ್ಲ. ಗಮನವಿಟ್ಟು ನೋಡದವರಿಗೆ ಅದು ಕಾಣುವುದಿಲ್ಲ. ಹಿತ್ತಲಿನ ಎರಡು ಸೆಂಟ್ಸ್ ಜಾಗದಲ್ಲಿ ಬದುಕುವ, ಬೀಡಿ ಕಟ್ಟಿ ಕೈ ಬೆರಳು ಕಪ್ಪಾದ ಒಬ್ಬ ಹೆಂಗಸು ಹಿಂದಿನ ಸಾಲಿನಿಂದ ಒಂದು ಬಸಳೆ ಕಟ್ಟಿಗೆ ಮೆಲ್ಲಗೆ "ಹತ್ತು" ಅನ್ನುತ್ತಾಳೆ. ತಕ್ಷಣ ಮಾವನ ನಾಲಗೆಗೆ ಎಲ್ಲಿಲ್ಲದ ಅವಸರ. "ಹತ್ತು ಒಂದು ಸಲ ಎರಡು ಸಲ ಮೂರು ಸಲ, ಆಯ್ತು!" ಮುಂದಿನ ಸಾಲಿನ ಉತ್ಸಾಹಿ ಬಾಯಿ ತೆರೆಯುವ ಮೊದಲೇ ಬಸಳೆ ಅವಳ ಕೈಯಲ್ಲಿ. ಎರಡು ಸಾವಿರದ ಚೀನಿಕಾಯಿಗೆ ಐದು ನಿಮಿಷ ಎಳೆದ ಮನುಷ್ಯ ಇದಕ್ಕೆ ಐದು ಸೆಕೆಂಡು ಕೊಡುವುದಿಲ್ಲ. ಅವಳೂ ಎಲ್ಲರಂತೆ ಏಲಂನಲ್ಲಿ ಗೆದ್ದವಳಾಗಿ, ದಾನ ಪಡೆದವಳಾಗಿ ಅಲ್ಲ, ಸೊಪ್ಪು ಹಿಡಿದು ನಡೆಯುತ್ತಾಳೆ. ಯಾವ ಸಮಿತಿಯ ನಿರ್ಣಯದಲ್ಲೂ ಇದು ಇಲ್ಲ. ಮಾವನಿಗೂ ಇದನ್ನು ಯಾರೂ ಕಲಿಸಿದ್ದಲ್ಲ. ಕೇಳಿದರೆ "ಹೊತ್ತಾಗಿತ್ತು, ಬೇಗ ಮುಗಿಸಿದೆ" ಅನ್ನುತ್ತಾರೆ. ಹೊಲದ ಅಂಚು ಬಿಡಬೇಕೆಂಬ ಯಾಜಕಕಾಂಡದ ಮಾತು ಗದ್ದೆಯೇ ಇಲ್ಲದ ಊರಲ್ಲಿ ಎಲ್ಲಿ ಉಳಿದಿದೆ ಎಂದು ಹುಡುಕುವವರು ಆ ಅವಸರವನ್ನು ಕೇಳಿಸಿಕೊಳ್ಳಬೇಕು.

ಸೋಮವಾರದಿಂದ ನನ್ನ ಪಾಳಿ. ಏಲಂನ ಉಮೇದಿನಲ್ಲಿ ಕೂಗಿದವರೆಲ್ಲ ಕೂಡಲೇ ಪಾವತಿ ಮಾಡುವುದಿಲ್ಲ. ಬಾಕಿ ಪಟ್ಟಿ ಕ್ರಿಸ್ಮಸ್ ದಾಟಿ, ಶುಭ ಶುಕ್ರವಾರವನ್ನೂ ದಾಟಿ, ಮಳೆಗಾಲಕ್ಕೆ ಬಂದು ಮುಟ್ಟುತ್ತದೆ. ಯಾವಾಗಲೋ ತಿಂದು ಮರೆತ ಪಪ್ಪಾಯಿಯ ಸಾಲ ಕೇಳಲು ಫೋನು ಮಾಡುವುದು ಸುಖದ ಕೆಲಸವಲ್ಲ. ಕೊಡಲೇಬೇಕೆಂದು ಕಾನೂನಿಲ್ಲ, ಆದರೂ ಕೊನೆಗೆ ಬಹುಪಾಲು ಬಂದೇ ಬರುತ್ತದೆ.

ಕಳೆದ ಹಬ್ಬದಲ್ಲಿ ಮಸ್ಕತ್ತಿನಲ್ಲಿರುವ ನನ್ನ ಅಣ್ಣನ ಮಗ ವಿಡಿಯೋ ಕಾಲಿನಲ್ಲೇ ಒಂದು ಕದಳಿ ಗೊನೆಗೆ ಕೂಗಿ, ಮೂರು ಸಾವಿರಕ್ಕೆ ಗೆದ್ದು, ದುಡ್ಡು ಆಗಲೇ ಕಳಿಸಿದ. ಗೊನೆ? "ನಿಮ್ಮ ಅಪಾರ್ಟ್‌ಮೆಂಟಿನ ವಾಚ್‌ಮನ್‌ಗೆ ಕೊಡಿ ಚಿಕ್ಕಪ್ಪ." ಆತ ಕೊಪ್ಪಳದ ಕಡೆಯವನು. ಬೆಲೆ ಕೇಳಿ ಎರಡು ಹೆಜ್ಜೆ ಹಿಂದೆ ಸರಿದ.

"ಮೂರ್ ಸಾವ್ರದ ಬಾಳೆಹಣ್ಣು ನಾ ಹ್ಯಾಂಗ ತಿನ್ಲಿ ಸರ? ಹೊಟ್ಟಿಗೆ ಹತ್ತೂದಿಲ್ಲ."

ಏಲಂನ ವಿಚಾರ ವಿವರಿಸಿದೆ. ಮೋಸ ಇಲ್ಲವೆಂದು ಖಾತ್ರಿಯಾಗುವವರೆಗೆ ಹಲವು ಪ್ರಶ್ನೆ ಹಾಕಿದ. ಆಮೇಲೆ ಚಿಪ್ಪು ಚಿಪ್ಪಾಗಿ ಬಿಡಿಸಿ, ಕೆಲಸದವರಿಗೆ, ಲಿಫ್ಟು ರಿಪೇರಿಗೆ ಬಂದ ಹುಡುಗನಿಗೆ ಹಂಚಿ, ಒಂದು ಚಿಪ್ಪನ್ನು ನನಗೇ ವಾಪಸ್ಸು ಕೊಟ್ಟ. ಮೊನ್ನೆ ಊರಿಗೆ ಹೊರಟು ನಿಂತವನು ಗೇಟಿನ ಹತ್ತಿರ ನನ್ನ ಸ್ಕೂಟರು ತಡೆದ.

"ಜ್ವಾಳ ಬಂದೈತ್ರಿ ನಮ್ಮ ಹೊಲದಾಗ. ಒಂದ್ ನಾಲ್ಕ್ ಕಿಲೋ ತಂದ್ರ ನಿಮ್ಮ ಹಬ್ಬದಾಗ ಕೂಗ್ತಾರೇನ್ರಿ?"

ಕುಚ್ಚಲಕ್ಕಿಯ ಊರಿನಲ್ಲಿ ಜೋಳಕ್ಕೆ ಯಾರು ಕೂಗಿಯಾರು, ರೊಟ್ಟಿ ತಟ್ಟಲು ಬರುವವರು ನಮ್ಮ ಸಭೆಯಲ್ಲಿ ಯಾರಿದ್ದಾರೆ ಎಂದು ನನ್ನ ಲೆಕ್ಕದ ತಲೆ ಓಡಿತು. ಮಾವನಿಗೆ ಫೋನು ಮಾಡಿದೆ. ಅವರು ಒಂದು ಗಳಿಗೆಯೂ ಯೋಚಿಸಲಿಲ್ಲ. ಐನೂರಕ್ಕೆ ಶುರು ಮಾಡುವ, ತರಲಿಕ್ಕೆ ಹೇಳು ಅಂದರು.