ಶನಿಮಹಾತ್ಮನ ಊರಲ್ಲಿ ಸೂರ್ಯನ ಬೆಳೆ

ಪಾವಗಡ ಅಂದ ತಕ್ಷಣ ಹೆಚ್ಚಿನವರಿಗೆ ನೆನಪಾಗೋದು ಶನಿಮಹಾತ್ಮನ ದೇವಸ್ಥಾನ. ಈಗ ಅಲ್ಲಿಗೆ ಹೋದವರು ಶನಿಯ ಅಪ್ಪ ಸೂರ್ಯನ ಕೆಲಸವನ್ನೂ ನೋಡಿಕೊಂಡು ಬರಬೇಕು. ತುಮಕೂರು, ಕೊರಟಗೆರೆ ದಾಟಿ, ಮಧುಗಿರಿಯ ಏಕಶಿಲಾ ಬೆಟ್ಟ ನೋಡುತ್ತಾ ಹೋದರೆ ಪಾವಗಡ ಸಿಗುತ್ತೆ. ಅಲ್ಲಿಂದ ತಿರುಮಣಿ ಕಡೆ ಹೊರಟರೆ ಬಯಲಿನ ತುಂಬ ಸೋಲಾರ್ ಪ್ಯಾನೆಲ್‌ಗಳ ಸಾಲು. ಕಣ್ಣು ಹಾಯಿಸಿದಷ್ಟೂ ಮುಗಿಯಲ್ಲ.

ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ ಹರಡಿರುವ ಈ ಪಾರ್ಕಿನ ಸಾಮರ್ಥ್ಯ 2,050 ಮೆಗಾವ್ಯಾಟ್. 2019ರ ಕೊನೆಗೆ ಪೂರ್ತಿಯಾಯಿತು. ಇಂಜಿನಿಯರ್ ಆದ ನನಗೆ ಯಂತ್ರಕ್ಕಿಂತ ಹೆಚ್ಚು ಇಷ್ಟವಾಗಿದ್ದು ಒಪ್ಪಂದ. ಸರ್ಕಾರ ಇಲ್ಲಿ ಜಮೀನನ್ನು ಕಿತ್ತುಕೊಳ್ಳಲಿಲ್ಲ, ಗುತ್ತಿಗೆಗೆ ಪಡೆಯಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು, ಎರಡು ವರ್ಷಕ್ಕೊಮ್ಮೆ ಶೇ. 5 ಏರಿಕೆ. ಪಹಣಿಯಲ್ಲಿ ರೈತನ ಹೆಸರೇ ಉಳಿಯುತ್ತೆ.

ಟೀ ಅಂಗಡಿಯಲ್ಲಿ ಸಿಕ್ಕ ಹಿರಿಯರೊಬ್ಬರು ಹೇಳಿದರು: "ಕಡ್ಲೆಕಾಯಿ ಹಾಕ್ತಿದ್ವಿ ಕಣಪ್ಪ. ಮಳೆ ಕೈಕೊಟ್ರೆ ಬೀಜದ ದುಡ್ಡೂ ಹೋಯ್ತಿತ್ತು. ಈಗ ಬಾಡಿಗೆಗೆ ಮಳೆ ಬೇಕಾಗಿಲ್ಲ."

ಪಕ್ಕದಲ್ಲಿದ್ದ ಹೆಂಗಸು ಸುಮ್ಮನಿರಲಿಲ್ಲ. "ಜಮೀನಿದ್ದೋರಿಗೆ ಬಾಡಿಗೆ. ಅದೇ ಹೊಲದಾಗೆ ಕೂಲಿ ಮಾಡ್ತಿದ್ದ ನಮ್ಗೇನು?"

ಈ ಪ್ರಶ್ನೆ ನನ್ನ ಜೊತೆ ಬೆಂಗಳೂರಿನವರೆಗೂ ಬಂತು. ಪ್ಯಾನೆಲ್ ತೊಳೆಯೋದು, ಹುಲ್ಲು ಕತ್ತರಿಸೋದು, ಕಾವಲು ಕಾಯೋದು, ಇಂಥ ಕೆಲಸ ಕೆಲವರಿಗೆ ಸಿಕ್ಕಿದೆ, ನಿಜ. ಆದರೆ ಕಳೆ, ಕಟಾವು ಅಂತ ಇಡೀ ಊರನ್ನು ಕರೆಯುತ್ತಿದ್ದ ಹೊಲದಷ್ಟು ಕೈಗಳು ಪ್ಯಾನೆಲ್‌ಗೆ ಬೇಕಾಗಲ್ಲ. ಕುರಿ ಮೇಯಿಸುವವರಿಗೂ ಬೇಲಿ ಬಂದ ಮೇಲೆ ದಾರಿ ಬದಲಾಗುತ್ತೆ.

ಹಾಗಂತ ಸೋಲಾರ್ ಬೇಡ ಅನ್ನೋಕಾಗುತ್ತಾ? ಖಂಡಿತ ಇಲ್ಲ. ಬರಗಾಲದ ಸೀಮೆಯಲ್ಲಿ ಬಿಸಿಲೊಂದೇ ಕೈಕೊಡದ ಬೆಳೆ. ರಾಜ್ಯ ಇನ್ನಷ್ಟು ಪಾರ್ಕ್ ಮಾಡಲಿ, ಗುತ್ತಿಗೆ ಪದ್ಧತಿಯಲ್ಲೇ ಮಾಡಲಿ. ಜೊತೆಗೆ ಮೂರು ಮಾತು ನೀತಿಯಲ್ಲೇ ಸೇರಲಿ: ಭೂರಹಿತ ಕುಟುಂಬಗಳಿಗೆ ಆದಾಯದಲ್ಲಿ ಒಂದು ಪಾಲು, ಪಾರ್ಕಿನ ಕೆಲಸಕ್ಕೆ ಊರಿನವರಿಗೇ ತರಬೇತಿ ಕೊಟ್ಟು ಮೊದಲ ಅವಕಾಶ, ಪ್ಯಾನೆಲ್ ಕೆಳಗಿನ ಹುಲ್ಲಿಗೆ ಕುರಿ ಬಿಡಲು ಅನುಮತಿ. ಕಂಪನಿಗಳ ಔದಾರ್ಯಕ್ಕೆ ಬಿಟ್ಟರೆ ಇದು ಆಗಲ್ಲ, ಟೆಂಡರಿನ ಷರತ್ತಲ್ಲೇ ಇರಬೇಕು.

ನೀವೂ ಒಮ್ಮೆ ಹೋಗಿಬನ್ನಿ. ಚಳಿಗಾಲದಲ್ಲೇ ಹೋಗಿ, ಅಲ್ಲಿನ ಬಿಸಿಲು ತಮಾಷೆಯಲ್ಲ. ಪ್ಯಾನೆಲ್ ಮುಂದೆ ಫೋಟೊ ತೆಗೆಸಿಕೊಂಡ ಮೇಲೆ ಹಳ್ಳಿಯೊಳಗೂ ಒಂದು ಟೀ ಕುಡಿಯಿರಿ.