ಎತ್ತರದಿಂದ ಕಂಡ ಚುಕ್ಕೆಗಳು

ಮನರಂಜನೆಗೆಂದು ನೋಡಿದ ಚಲನಚಿತ್ರವೊಂದು ವ್ಯಾಪಾರಿಯಾದವನನ್ನು ಅವನ ತಕ್ಕಡಿಯ ಮುಂದೆಯೇ ನಿಲ್ಲಿಸಿ ಪ್ರಶ್ನಿಸುವುದು ಅಪರೂಪ. 1949ರಲ್ಲಿ ತೆರೆಕಂಡ ‘ದಿ ಥರ್ಡ್ ಮ್ಯಾನ್’ ಎಂಬ ಬ್ರಿಟಿಷ್ ಚಿತ್ರ ನನ್ನ ಪಾಲಿಗೆ ಅಂಥದ್ದು. ಅದರ ಚಿತ್ರಕಥೆ ಗ್ರಹಾಂ ಗ್ರೀನ್ ಅವರದು; ನಿರ್ದೇಶನ ಕ್ಯಾರಲ್ ರೀಡ್ ಅವರದು.

ಎರಡನೆಯ ಮಹಾಯುದ್ಧಾನಂತರದ ವಿಯೆನ್ನಾ ನಗರ. ಅಮೆರಿಕ, ಬ್ರಿಟನ್, ಫ್ರಾನ್ಸ್ ಹಾಗೂ ಸೋವಿಯತ್ ಒಕ್ಕೂಟಗಳು ನಗರವನ್ನು ಹಂಚಿಕೊಂಡು ಆಳುತ್ತಿದ್ದ ಕಾಲ. ಆ ವ್ಯವಸ್ಥೆ ಮುಗಿದದ್ದು 1955ರಲ್ಲಿ. ಅಭಾವವಿದ್ದೆಡೆ ಕಾಳಸಂತೆ ಹುಟ್ಟುತ್ತದೆ. ಮಿತ್ರ ಹ್ಯಾರಿ ಲೈಮ್‌ನ ಕರೆಯ ಮೇರೆಗೆ ಅಲ್ಲಿಗೆ ಬಂದ ಹಾಲಿ ಮಾರ್ಟಿನ್ಸ್ ಎಂಬ ಅಮೆರಿಕದ ಲೇಖಕನಿಗೆ ಎದುರಾಗುವುದು ಆ ಮಿತ್ರನ ಶವಸಂಸ್ಕಾರ. ವಾಹನ ಬಡಿದು ಬಿದ್ದವನನ್ನು ಎತ್ತಿದವರು ಇಬ್ಬರೆಂದು ಸ್ನೇಹಿತರು ಹೇಳಿದರೆ, ಮೂವರೆಂದು ಮನೆಯ ಕಾವಲುಗಾರ ಹೇಳುತ್ತಾನೆ. ಆ ಮೂರನೆಯವನು ಸತ್ತನೆನಿಸಿಕೊಂಡ ಲೈಮ್‌ನೇ ಎಂಬುದು ಬಳಿಕ ತಿಳಿಯುತ್ತದೆ.

ಸೇನಾ ಆಸ್ಪತ್ರೆಗಳಿಂದ ಕದ್ದ ಪೆನಿಸಿಲಿನ್ನನ್ನು ತೆಳುಮಾಡಿ ಮಾರುವುದು ಅವನ ದಂಧೆ. ಕದ್ದ ಮಾಲನ್ನು ಪಡೆಯುವುದನ್ನೂ ಪ್ರತಿರೂಪಕ ವ್ಯವಹಾರವೆಂಬ ಕಲಬೆರಕೆಯನ್ನೂ ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಜೊತೆಜೊತೆಯಾಗಿ ಎಣಿಸಿದ ಹಿರಿಯರ ವ್ಯಾಪಾರಜ್ಞಾನ ಎಷ್ಟು ಸೂಕ್ಷ್ಮವಾದುದೆಂದು ಇಲ್ಲಿ ಮನವರಿಕೆಯಾಗುತ್ತದೆ.

ಪ್ರಾಟರ್ ಉದ್ಯಾನದಲ್ಲಿ 1897ರಲ್ಲಿ ನಿರ್ಮಿತವಾದ, ಸುಮಾರು 65 ಮೀಟರ್ ಎತ್ತರದ ದೈತ್ಯಚಕ್ರವೊಂದಿದೆ. ಅದರ ತುದಿಯಿಂದ ಕೆಳಗೆ ಓಡಾಡುವ ಜನರನ್ನು ಚುಕ್ಕೆಗಳೆಂದು ತೋರಿಸುವ ಲೈಮ್, ಒಂದೊಂದು ಚುಕ್ಕೆ ಅಳಿದಾಗಲೂ 20,000 ಪೌಂಡ್ ಕೈಸೇರುವುದಾದರೆ ನೀನು ಬೇಡವೆನ್ನುವೆಯಾ ಎಂಬರ್ಥದಲ್ಲಿ ಮಿತ್ರನನ್ನು ಕೇಳುತ್ತಾನೆ. ಈ ಪ್ರಶ್ನೆಯನ್ನು ಕೇವಲ ಖಳನ ಮಾತೆಂದು ತಳ್ಳಿಹಾಕಲಾಗದು. ಚಿಲ್ಲರೆ ಅಂಗಡಿಯವನು ಗಿರಾಕಿಯ ಮುಖ ನೋಡಿ ತೂಗುತ್ತಾನೆ. ಸಗಟು ವ್ಯಾಪಾರಿಯ ಮೂಟೆಗಳಾದರೋ ಲಾರಿಯೇರಿ ಅವನು ಕಾಣದ ಊರಿಗೆ ಹೋಗುತ್ತವೆ. ಉಣ್ಣುವವನು ಖಾತೆಯ ಪುಟದಲ್ಲಿ ಒಂದು ಅಂಕಿ ಮಾತ್ರ. ವ್ಯಾಪಾರ ಬೆಳೆದಷ್ಟೂ ನಾವು ಆ ಚಕ್ರದಲ್ಲಿ ಮೇಲೇರುತ್ತೇವೆ. 1986ರಲ್ಲಿ ಮುಂಬಯಿಯ ಜೆ.ಜೆ. ಆಸ್ಪತ್ರೆಯಲ್ಲಿ ವಿಷ ಬೆರೆತ ಗ್ಲಿಸರಿನ್‌ನಿಂದ 14 ರೋಗಿಗಳು ಪ್ರಾಣ ಕಳೆದುಕೊಂಡರು. ಅವರೂ ಯಾರದೋ ಖಾತೆಯಲ್ಲಿ ಅಂಕಿಗಳಾಗಿದ್ದವರೇ ಅಲ್ಲವೇ?

ಇನ್ನೊಂದು ಪ್ರಶ್ನೆ ಮಾರ್ಟಿನ್ಸ್‌ನದು. ಮಿತ್ರನನ್ನು ಹಿಡಿದುಕೊಡಬೇಕೇ? ಲೈಮ್‌ನನ್ನು ಪ್ರೀತಿಸಿದ ಆನಾ ಅದನ್ನು ದ್ರೋಹವೆಂದೇ ತಿಳಿಯುತ್ತಾಳೆ. ಮಾರ್ಟಿನ್ಸ್‌ನ ಮನಸ್ಸೂ ಹಿಂಜರಿಯುತ್ತದೆ. ಆಗ ಬ್ರಿಟಿಷ್ ಅಧಿಕಾರಿ ಮೇಜರ್ ಕ್ಯಾಲೋವೇ ಅವನನ್ನು, ಆ ಔಷಧದಿಂದ ಹಾನಿಗೊಂಡ ಮಕ್ಕಳಿದ್ದ ಆಸ್ಪತ್ರೆಗೆ ಕರೆದೊಯ್ಯುತ್ತಾನೆ. ನಿರ್ದೇಶಕರು ಒಂದು ಮಗುವಿನ ಮುಖವನ್ನೂ ತೋರಿಸದೆ, ನೋಡುವವನ ಮುಖವನ್ನಷ್ಟೇ ತೋರಿಸುತ್ತಾರೆ. ಚುಕ್ಕೆಗಳು ಮಕ್ಕಳಾದ ಕ್ಷಣದಲ್ಲಿ ಅವನ ನಿರ್ಧಾರ ಗಟ್ಟಿಯಾಗುತ್ತದೆ. ನಮ್ಮ ಪೇಟೆಗಳಲ್ಲಿ ಕಲಬೆರಕೆ ಮಾಡುವವನು ಯಾರೆಂಬುದು ಬಹುಮಟ್ಟಿಗೆ ಎಲ್ಲರಿಗೂ ತಿಳಿದಿರುತ್ತದೆ. ಸ್ನೇಹ, ಸಂಬಂಧ, ದಾಕ್ಷಿಣ್ಯಗಳು ಬಾಯಿ ಕಟ್ಟುತ್ತವೆ. ಆ ಮೌನಕ್ಕೆ ಬೆಲೆ ತೆರುವವರು ಬೇರೆ ಯಾರೋ.

ಸತ್ಯದ ಪರ ನಿಂತವನಿಗೆ ಇಲ್ಲಿ ಬಹುಮಾನವಿಲ್ಲ. ನೆಲದಡಿಯ ಚರಂಡಿಗಳಲ್ಲಿ ಲೈಮ್‌ನ ಕಥೆ ಮುಗಿದ ಮೇಲೆ, ಸ್ಮಶಾನದ ದಾರಿಯಲ್ಲಿ ತನಗಾಗಿ ಕಾದು ನಿಂತ ಮಾರ್ಟಿನ್ಸ್‌ನತ್ತ ಕಣ್ಣೆತ್ತಿಯೂ ನೋಡದೆ ಆನಾ ಸಾಗಿಹೋಗುತ್ತಾಳೆ. ಗ್ರೀನ್ ಅವರು ಇಬ್ಬರನ್ನೂ ಒಂದುಗೂಡಿಸಬೇಕೆಂದಿದ್ದರು. ರೀಡ್ ಅವರ ನಿರ್ಣಯವೇ ಸರಿಯೆಂದು ಅನಂತರ ಒಪ್ಪಿಕೊಂಡರು. ಪ್ರಾಮಾಣಿಕತೆಯಿಂದ ಲಾಭವುಂಟೆಂದು ಮಕ್ಕಳಿಗೆ ಹೇಳಿಕೊಡುವ ನಾವು, ನಷ್ಟವಾದಾಗಲೂ ಅದನ್ನು ಬಿಡಬಾರದೆಂಬುದನ್ನೂ ಹೇಳಿಕೊಡಬೇಕಾಗಿದೆ.